ಬಲಗಿವಿಯ ನಾದ

ನಮ್ಮಪ್ಪನಿಗೆ ನಾದ ಕೇಳಿಸುತ್ತದೆ ಎಂಬ ಸುದ್ದಿ ಲಿಂಗಂಪಲ್ಲಿ ಸ್ಟೇಶನ್ನಿನ ಹಿಂದಿನ ತಗಡಿನ ಶೆಡ್ಡುಗಳಲ್ಲೆಲ್ಲ ಹಬ್ಬಿ ಆಗ ಎರಡು ವರ್ಷವಾಗಿತ್ತು. ಸೋಮವಾರ ಸಂಜೆ ಕೆಲಸದಿಂದ ಬಂದವರು ಕೈಕಾಲು ತೊಳೆದುಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ನಮ್ಮ ಮನೆಯ ಮುಂದೆ ಬಂದು ಕೂರುತ್ತಿದ್ದರು. ಮಾತಿಲ್ಲ, ಭಜನೆಯಿಲ್ಲ. ಅಪ್ಪ ಕಣ್ಣು ಮುಚ್ಚಿ ತನ್ನೊಳಗಿನದನ್ನು ಕೇಳುತ್ತಿದ್ದ. ಅವರು ಅಪ್ಪನನ್ನು ನೋಡುತ್ತಿದ್ದರು. ಅರ್ಧ ತಾಸಾದ ಮೇಲೆ ಎದ್ದು, "ಬರ್ತೀವ್ರಿ ಅಯ್ಯನೋರ" ಎಂದು ಕಾಲು ಮುಟ್ಟಿ ಹೋಗುತ್ತಿದ್ದರು. ದಿನವೆಲ್ಲ ಕಲ್ಲು, ಕಬ್ಬಿಣ, ಕಾಂಕ್ರೀಟಿನ ಸಪ್ಪಳದಲ್ಲಿ ನಿಂತವರಿಗೆ ಆ ಅರ್ಧ ತಾಸಿನ ಸುಮ್ಮನಿರುವಿಕೆಯೇ ಪ್ರಸಾದವಾಗಿತ್ತೇನೋ.

ಅಪ್ಪ ಅಮರಯ್ಯ ಸೇಡಂ ಕಡೆಯ ಜಂಗಮ. ಊರಿನಲ್ಲಿ ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಓದುವವನು ಅವನೇ. ಷಟ್ಪದಿಯನ್ನು ರಾಗವಾಗಿ ಎತ್ತಿ ಓದಿದರೆ ಅಳುವ ಕೂಸುಗಳು ಸುಮ್ಮನಾಗುತ್ತಿದ್ದವು. ನಾನು ಅಕ್ಷರ ಕಲಿಯುವುದಕ್ಕೆ ಮೊದಲೇ ಪದ್ಯ ಕಲಿತವಳು. ಅರ್ಥ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನನಗೆ ಹನ್ನೆರಡು ತುಂಬಿದ ವರ್ಷ ನಾವು ಹೈದರಾಬಾದಿಗೆ ಬಂದೆವು. ಮಾಧಾಪುರದ ಕಡೆ ಆಗ ಎಲ್ಲಿ ನೋಡಿದರೂ ಬಂಡೆ, ಮನೆಯಷ್ಟು ದೊಡ್ಡ ಬಂಡೆ, ಒಂದರ ಮೇಲೊಂದು ಯಾರೋ ಇಟ್ಟುಹೋದಂತೆ. ಅವನ್ನೆಲ್ಲ ಒಡೆದು ಅಲ್ಲಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಅಪ್ಪನಿಗೆ ಬ್ರೇಕರಿನ ಕೆಲಸ ಸಿಕ್ಕಿತು. ಕಂಪ್ರೆಸರಿನ ಗಾಳಿಯಿಂದ ಓಡುವ, ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು ಕಲ್ಲು ಕೊರೆಯುವ ಯಂತ್ರ ಅದು.

"ಜಂಗಮನ ಕೈಯಾಗ ಜೋಳಿಗಿ ಇರಬೇಕಾಗಿತ್ತು. ನಮ್ಮ ನಸೀಬಕ್ಕ ಬ್ರೇಕರ್ ಬಂತು" ಎಂದು ಅವ್ವ ಬಂಡೆಮ್ಮ ಅನ್ನುತ್ತಿದ್ದಳು. ಅಪ್ಪ ನಗುತ್ತಿದ್ದ. "ಜೋಳಿಗಿ ಬೇಡ್ತೈತಿ, ಇದು ದುಡೀತೈತಿ. ಯಾವ್ದು ಛಲೋ ಹೇಳು?"

ಹೀಗೇ ಆರೇಳು ವರ್ಷ ಕಳೆದ ಮೇಲೆ ಒಂದು ದಿನ ಕಲ್ಲಿಗೆ ಇಟ್ಟ ಮದ್ದು ಹೊತ್ತಿಗೆ ಮೊದಲೇ ಸಿಡಿಯಿತು. ಅಪ್ಪ ಅದಕ್ಕೆ ಬಲಮಗ್ಗುಲಾಗಿ ನಿಂತಿದ್ದ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಮಲ್ಲಣ್ಣ ಕಾಕಾ ಬಿದ್ದ ಅಪ್ಪನನ್ನು ಎಬ್ಬಿಸಿ ಕೂರಿಸಿದಾಗ ಮೈಮೇಲೆ ಒಂದು ಗೀರೂ ಇರಲಿಲ್ಲ. ಸಂಜೆ ಮನೆಗೆ ಬಂದವನು, "ಏನೋ ಕೇಳಸಾಕತ್ತೈತಿ. ತಂಬೂರಿ ತಂತಿ ಮೀಟಿ ಬಿಟ್ಟಂಗ. ನಿಂದ್ರವಲ್ದು" ಎಂದ. ಮಲ್ಲಣ್ಣ ಕಾಕಾ ಕೈ ಮುಗಿದುಬಿಟ್ಟ. "ಅಯ್ಯನೋರ, ನೀವs ಪುರಾಣದಾಗ ಓದ್ತಿದ್ರಲ್ಲರಿ, ಶರಣರಿಗೆ ಒಳಗ ನಾದ ಕೇಳಸ್ತಿತ್ತು ಅಂತ. ಅಂಥ ಧಡಾಕಿಯಾಗ ನಿಮ್ಮನ್ನ ಉಳಿಸ್ಯಾನ ಅಂದ್ರ ಸುಮ್ನ ಉಳಿಸ್ಯಾನೇನು?"

ಅದನ್ನು ನಾವೆಲ್ಲರೂ ನಂಬಿದೆವು. ನಾನು ಎಲ್ಲರಿಗಿಂತ ಹೆಚ್ಚು ನಂಬಿದೆ.

ಅಲ್ಲಿಂದ ಮುಂದೆ ಅಪ್ಪ ಪುರಾಣ ಓದುವುದನ್ನು ಬಿಟ್ಟ. ಶೆಡ್ಡಿನಲ್ಲೂ ಶ್ರಾವಣದಲ್ಲಿ ಓದುತ್ತಿದ್ದವನು, ಆ ವರ್ಷ ಕೇಳಿದರೆ, "ಒಳಗ ಅಂವ ಹಾಡಾಕತ್ತಾಗ ಹೊರಗ ನಾ ಯಾಕ ಬಾಯಿ ಮಾಡ್ಲೆವ್ವ?" ಎಂದ. ಕರೆದರೆ ಓ ಅನ್ನುವುದೂ ಕಡಿಮೆಯಾಯಿತು. ಅವ್ವ ಮೂರು ಸಲ ಕೂಗಿ, ಕೊನೆಗೆ ತಾಟು ತಂದು ಎದುರಿಗೆ ಕುಕ್ಕಿ, "ಶಿವಾ ಬಂದು ರೊಟ್ಟಿ ಬಡೀತಾನೇನು? ನಾನs ಬಡಿಬೇಕು. ನನ್ನ ಮಾತೂ ಒಂದೀಟು ಕೇಳ್ರಿ" ಎನ್ನುತ್ತಿದ್ದಳು. ನನಗೆ ಅವನ ಓದು ಇಲ್ಲದೆ ಮನೆ ಖಾಲಿ ಅನ್ನಿಸುತ್ತಿತ್ತು. ಆದರೆ ಅದನ್ನು ಹೇಳುವುದು ಸಣ್ಣತನ ಎಂದು ಸುಮ್ಮನಿದ್ದೆ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಮುಗಿಸಿ ಮಾಧಾಪುರದ ಒಂದು ಸಣ್ಣ ಕಂಪನಿ ಸೇರಿದ್ದೆ. ಒಟ್ಟು ಐದೇ ಜನ. ಹಗಲು ರಾತ್ರಿ ಪಾಳಿಯಲ್ಲಿ ದುಡಿದು ನಿದ್ದೆ ಕಳೆದುಕೊಂಡ ಸಾಫ್ಟ್‌ವೇರಿನವರಿಗೆ ನಿದ್ದೆ ಬರಿಸುವ ಧ್ವನಿಯ ಸಿ.ಡಿ.ಗಳನ್ನು ಮಾಡುತ್ತಿದ್ದೆವು. ನಡೆಸುತ್ತಿದ್ದವರು ಮೈಸೂರಿನ ಗೋಪಿನಾಥ ಎಂಬ ಇಂಜಿನಿಯರರು. ಮೊದಲ ದಿನವೇ ನನ್ನ ತಲೆಗೆ ಹೆಡ್‌ಫೋನ್ ಹಾಕಿ, "ಏನು ಕೇಳುತ್ತೆ ಹೇಳಿ" ಎಂದರು.

ಒಂದೇ ಸಮನೆ ಹೊಮ್ಮುವ ದನಿ. ಅದರೊಳಗೆ ಒಂದು ಅಲೆ ಏರಿ ಇಳಿಯುತ್ತಿತ್ತು. ದೊಡ್ಡ ಗಂಟೆ ಹೊಡೆದು ನಿಂತ ಮೇಲೆ ಗುಂಯ್ ಎಂದು ತೂಗುತ್ತದಲ್ಲ, ಹಾಗೆ.

"ಎಡಗಡೆಯದನ್ನ ತೆಗೀರಿ" ಎಂದರು. ತೆಗೆದೆ. ಅಲೆ ಇಲ್ಲ, ಬರೀ ದನಿ. ಅದನ್ನು ಹಾಕಿ ಬಲಗಡೆಯದನ್ನು ತೆಗೆದೆ. ಆಗಲೂ ಬರೀ ದನಿ. ಎರಡನ್ನೂ ಹಾಕಿಕೊಂಡೆ, ಅಲೆ ಬಂತು.

"ಎಡಗಿವಿಗೆ ಸೆಕೆಂಡಿಗೆ ಇನ್ನೂರು ಸಲ ಕಂಪಿಸೋ ದನಿ ಕೊಟ್ಟಿದ್ದೀನಿ, ಬಲಗಿವಿಗೆ ಇನ್ನೂರ ಆರು. ನೀವು ಕೇಳಿದ ಆ ಅಲೆ ಇದೆಯಲ್ಲ, ಸೆಕೆಂಡಿಗೆ ಆರು ಸಲ ಏರಿಳಿಯೋದು, ಅದು ಈ ತಂತೀಲಿ ಇಲ್ಲ, ಗಾಳೀಲಿ ಇಲ್ಲ. ಮೈಕ್ ಹಿಡಿದರೆ ಸಿಗೋದಿಲ್ಲ. ಎರಡು ಕಿವಿಯಿಂದ ಬಂದದ್ದನ್ನ ಮೆದುಳು ಕೂಡಿಸಿ ತಾನೇ ಹುಟ್ಟಿಸ್ಕೊಳ್ಳುತ್ತೆ. ಇದರಿಂದ ನಿದ್ದೆ ಬರುತ್ತೆ ಅಂತ ಡಬ್ಬಿ ಮೇಲೆ ಅಚ್ಚು ಹಾಕ್ತೀವಿ. ಕೆಲವರಿಗೆ ಬರುತ್ತೆ, ಕೆಲವರಿಗೆ ಇಲ್ಲ, ಅದು ದೇವರಿಗೇ ಬಿಟ್ಟಿದ್ದು. ಆದ್ರೆ ಅಲೆ ಮಾತ್ರ ಸುಳ್ಳಲ್ಲ."

ಹೊರಗೆ ಇಲ್ಲದ ದನಿಯೊಂದು ಒಳಗೆ ಹುಟ್ಟುತ್ತದೆ. ಇದನ್ನು ಅಪ್ಪನಿಗೆ ಕೇಳಿಸಬೇಕು ಎಂಬುದೊಂದೇ ಆಮೇಲೆ ತಲೆಯಲ್ಲಿದ್ದುದು.

ಒಂದು ಶನಿವಾರ ಮಧ್ಯಾಹ್ನ ಲೋಕಲ್ ಟ್ರೈನಿನಲ್ಲಿ ಅಪ್ಪನನ್ನು ಕರೆದುಕೊಂಡು ಹೋದೆ. ಒಗೆದ ಧೋತರ ಉಟ್ಟು, ರುಮಾಲು ಸುತ್ತಿ ಬಂದಿದ್ದ. ಗೋಪಿನಾಥರು ಎದ್ದು ನಿಂತು ನಮಸ್ಕಾರ ಮಾಡಿದರು. "ನಿಮ್ಮ ವಿಷಯ ರೇಣುಕಾ ದಿನಾ ಹೇಳ್ತಾರೆ."

"ಆಕೀ ಮಾತು ನಂಬಬ್ಯಾಡ್ರಿ ಸಾಹೇಬ್ರ. ಸಣ್ಣಾಕಿ ಇದ್ದಾಗ ನಾ ರಾವಣನ ಪದ್ಯ ಓದಿದ್ರ, ರಾವಣ ನಮ್ಮ ಕಾಕಾ ಏನಪ್ಪಾ ಅಂತ ಕೇಳ್ತಿದ್ಲು."

ಎಲ್ಲರೂ ನಕ್ಕೆವು. ರುಮಾಲು ತೆಗೆಸಿ ಹೆಡ್‌ಫೋನ್ ಹಾಕಿದೆ. ದನಿ ಬಿಟ್ಟೆ. ಅಪ್ಪ ಕಣ್ಣು ಮುಚ್ಚಿ ಕೇಳಿದ.

"ಅಲೆ ಅಲೆ ಬರಾಕತ್ತೈತೇನಪ್ಪಾ?"

"ಇಲ್ಲವ್ವ. ಒಂದs ಗೆರಿ ಎಳದಂಗ ಐತಿ."

ಗೋಪಿನಾಥರು ಬಂದು ತಂತಿಯ ಎಡಬಲ ಬದಲಿಸಿದರು. "ಈಗ?" ಈಗಲೂ ಒಂದೇ ಗೆರೆ. ಎಡಗಡೆಯದನ್ನು ತೆಗೆದರು. ಅಪ್ಪ ಕಣ್ಣು ತೆರೆದು, "ಬಂದ್ ಮಾಡಿದ್ರೇನ್ರಿ?" ಎಂದ. ಬಂದ್ ಮಾಡಿರಲಿಲ್ಲ. ಬಲಗಿವಿಯ ದನಿಯನ್ನು ಏರಿಸುತ್ತ ಹೋದರು. ದೂರದಲ್ಲಿ ಕೂತ ನನಗೂ ಅದು ಹೆಡ್‌ಫೋನಿನಿಂದ ಸೋರಿ ಕೇಳಿಸುತ್ತಿತ್ತು. ಅಪ್ಪ ಸುಮ್ಮನೆ ನಮ್ಮ ಮುಖ ನೋಡುತ್ತಿದ್ದ.

ಗೋಪಿನಾಥರು ಎಡಗಿವಿಗೆ ಬೇರೆ ಬೇರೆ ದನಿ ಕೊಡತೊಡಗಿದರು. ಐನೂರು, ಸಾವಿರ, ಎರಡು ಸಾವಿರ. ದಪ್ಪ ದನಿ ತೆಳುವಾಗುತ್ತ ಹೋಯಿತು. ಒಂದೊಂದಕ್ಕೂ ಅಪ್ಪ ಬೆರಳೆತ್ತಿ ಕೇಳಿಸಿತು ಎನ್ನುತ್ತಿದ್ದ. ಮೂರು ಸಾವಿರಕ್ಕೆ ಬೆರಳು ತಡವಾಗಿ ಎದ್ದಿತು. ನಾಲ್ಕು ಸಾವಿರ ದಾಟಿದ ಮೇಲೆ ಬಹಳ ಏರಿಸಬೇಕಾಯಿತು. ಏರಿಸಿದಾಗ ಅಪ್ಪ ಕುರ್ಚಿಯಿಂದ ಎದ್ದುಬಿಟ್ಟ.

"ಇದs! ಇದs ನೋಡ್ರಿ! ರೇಣೂ, ಇದs ನನ್ನ ನಾದ!"

ಅವನ ಕಣ್ಣಲ್ಲಿ ನೀರು ಬಂದಿತ್ತು. ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು, "ಎರಡು ವರ್ಷದಿಂದ ಹೆಂಗೈತಿ ಹೆಂಗೈತಿ ಅಂತ ಮಂದಿ ಕೇಳ್ತಾರ. ಹೇಳಾಕ ಬರ್ತಿರ್ಲಿಲ್ಲ. ನಿಮ್ಮ ಪೆಟ್ಟಿಗ್ಯಾಗ ಐತಲ್ಲರಿ! ಭಾಳ ದೊಡ್ಡವರಿದ್ದೀರಿ ಸಾಹೇಬ್ರ" ಎಂದು ಬಗ್ಗಿ ಗೋಪಿನಾಥರ ಕೈ ಹಿಡಿದುಕೊಂಡ.

ನಾನೂ ಅತ್ತೆ, ಸಂತೋಷದಿಂದ. ಗೋಪಿನಾಥರ ಮುಖ ನೋಡಿದಾಗ ಮಾತ್ರ ಏನೋ ತಪ್ಪಿದೆ ಎನ್ನಿಸಿತು. ಅವರು ಪರದೆಯ ಮೇಲಿನ ಅಂಕಿಯನ್ನು ನೋಡುತ್ತಿದ್ದರು. ನಾಲ್ಕು ಸಾವಿರದ ಇನ್ನೂರು.

ಸೋಮವಾರ ನನ್ನನ್ನು ಕೂರಿಸಿಕೊಂಡು ಹೇಳಿದರು. ಕಲ್ಲು ಕೊರೆಯುವವರ, ಮಗ್ಗದವರ, ಗಿರಣಿಯವರ ಕಿವಿ ಮೊದಲು ಸಾಯುವುದು ಆ ಅಂಕಿಯ ಸುತ್ತಮುತ್ತಲೇ ಅಂತೆ. ಕಿವಿಯೊಳಗಿನ ಸಣ್ಣ ಕೂದಲುಗಳು ಉದುರಿದರೆ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಸುದ್ದಿ ಬರುವುದು ನಿಂತಾಗ ಮೆದುಳು ಸುಮ್ಮನಿರುವುದಿಲ್ಲ. ಸಿಗ್ನಲ್ ಸಿಗದ ರೇಡಿಯೊದ ದನಿ ಹೆಚ್ಚಿಸಿದಂತೆ ತನ್ನದೇ ಗದ್ದಲವನ್ನು ಹೆಚ್ಚಿಸಿಕೊಳ್ಳುತ್ತದೆ. ಅದು ಅಪ್ಪನಿಗೆ ಕೇಳಿಸುತ್ತಿರುವುದು.

"ಬಲಗಿವಿ ಹೋಗಿದೆ ರೇಣುಕಾ. ಆ ಸ್ಫೋಟದಲ್ಲೇ ಹೋಗಿರಬೇಕು. ಅದು ಇನ್ನು ಬರೋದಿಲ್ಲ. ಎಡಗಿವಿಗೂ ಶುರುವಾಗಿದೆ. ಯಂತ್ರ ಬಿಡಿಸಿ. ಬಿಡಿಸದಿದ್ರೆ ನಿಮ್ಮ ಮಾತೂ ಕೇಳಿಸದ ಹಾಗಾಗುತ್ತೆ."

ಸಿಕಂದರಾಬಾದಿನ ಕಿವಿಯ ಡಾಕ್ಟರೊಬ್ಬರಿಗೆ ಆ ಅಂಕಿಗಳನ್ನು ತೋರಿಸಿದೆ. ಅವರೂ ಅದನ್ನೇ ಹೇಳಿದರು. ಯಂತ್ರ ಬಿಡದಿದ್ದರೆ ಎಡಗಿವಿ ಉಳಿಯುವುದು ಒಂದು ವರ್ಷ, ಹೆಚ್ಚೆಂದರೆ ಒಂದೂವರೆ.

ಅಪ್ಪನಿಗೆ ನಿಜ ಹೇಳದೆ ಕಿವಿ ಉಳಿಸುವ ದಾರಿ ಹುಡುಕಿದೆ. ಸುಲ್ತಾನ್ ಬಜಾರಿನಲ್ಲಿ ಹುಡುಕಾಡಿ ಕಿವಿಗೆ ತುಂಬುವ ರಬ್ಬರಿನ ಬಿರಡೆ ತಂದುಕೊಟ್ಟೆ. ಅಪ್ಪ ಅದನ್ನು ಅಂಗೈಯಲ್ಲಿಟ್ಟು ನೋಡಿ ವಾಪಸು ಕೊಟ್ಟ.

"ಬ್ರೇಕರ್ ಬಂದ್ ಮಾಡಿದ ಕೂಡ್ಲೆ ನಾದ ಎಷ್ಟು ಸ್ಪಷ್ಟ ಇರ್ತೈತಿ ಗೊತ್ತೇನು? ಮನೀಗೆ ಬಂದ ಮ್ಯಾಲ ಅಷ್ಟು ಇರಂಗಿಲ್ಲ. ಆ ಮಶೀನ್ ನನಗ ಗುರು ಇದ್ದಂಗ. ಗುರು ಉಪದೇಶ ಮಾಡುವಾಗ ಕಿವ್ಯಾಗ ಬೂಚು ಹೆಟಗೊಂಡು ಕುಂದ್ರು ಅಂತಿಯೇನು?"

ಇದಕ್ಕೆ ನನ್ನಲ್ಲಿ ಉತ್ತರ ಇತ್ತು. ಯಂತ್ರದ ಪೆಟ್ಟಿಗೆ ಕಿವಿ ಹೆಚ್ಚು ನೊಂದಷ್ಟೂ ಆ ಗುಂಯ್‌ಗುಡುವಿಕೆ ಹೆಚ್ಚುತ್ತದೆ, ಅಷ್ಟೇ. ನಾದ ಬೇಕೆಂದು ಅವನು ಯಂತ್ರಕ್ಕೆ ಇನ್ನಷ್ಟು ಹತ್ತಿರ ಬಗ್ಗುತ್ತಿದ್ದ. ಪಾಳಿ ಮುಗಿದ ಮೇಲೂ ಬೇರೆಯವರ ಯಂತ್ರ ಹಿಡಿಯುತ್ತಿದ್ದ. ಸೇವೆ ಎನ್ನುತ್ತಿದ್ದ.

ಒಂದು ಭಾನುವಾರ ಊಟವಾದ ಮೇಲೆ ಹೇಳಿಬಿಟ್ಟೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಕೈ ನಿಲ್ಲಿಸಿದಳು. ನಾನು ಅಪ್ಪನ ಎಡಗಡೆ ಕೂತು ಎಲ್ಲವನ್ನೂ ಹೇಳಿದೆ: ಸತ್ತ ಕಿವಿ, ಸಾಯುತ್ತಿರುವ ಕಿವಿ, ತಾನೇ ದನಿ ಹುಟ್ಟಿಸಿಕೊಳ್ಳುವ ಮೆದುಳು. ಅಪ್ಪ ತಲೆ ತಗ್ಗಿಸಿ ಕೇಳಿದ. ಎದುರಾಡಲಿಲ್ಲ. ಮುಗಿದ ಮೇಲೆ, "ಹಂಗಾದ್ರ ಎರಡು ವರ್ಷ ನಾ ಯಾರನ್ನ ಕೇಳಾಕತ್ತಿದ್ದೆ?" ಎಂದ.

ಅವ್ವ ಮೊರ ಎತ್ತಿಕೊಂಡು ಹೊರಗೆ ಹೋದಳು.

ಮರುದಿನದಿಂದ ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಎಡಗಿವಿ ಉಳಿಯಿತು ಎಂದುಕೊಂಡೆ. ಸಂಜೆ ಎಂದಿನಂತೆ ಜನ ಬಂದರು. ಅಪ್ಪ ಬಾಗಿಲಲ್ಲಿ ನಿಂತು, "ಇನ್ನ ಬರಬ್ಯಾಡ್ರಿ. ಅದು ನಾದ ಅಲ್ಲ. ನನ್ನ ಕಿವಿ ಸತ್ತೈತಿ, ಅದರ ಗದ್ಲ" ಎಂದ. ಯಾರೂ ಏಳಲಿಲ್ಲ. ಮುಂದೆ ಕೂತಿದ್ದ ಅಂಬವ್ವ ಪಕ್ಕದವಳಿಗೆ, "ಅಯ್ಯನೋರು ನಮ್ಮನ್ನ ಪರೀಕ್ಷಾ ಮಾಡಾಕತ್ತಾರ. ಸುಮ್ನ ಕುಂದ್ರು" ಎಂದಳು. ಅಪ್ಪ ಒಳಗೆ ಬಂದು ಬಾಗಿಲು ಹಾಕಿಕೊಂಡ. ಮುಚ್ಚಿದ ಬಾಗಿಲಿನ ಎದುರು ಅವರು ಅರ್ಧ ತಾಸು ಕೂತರು. ಒಳಗೆ ಅಪ್ಪ ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದ.

ನಾನು ಎಣಿಸದೇ ಇದ್ದದ್ದು ಒಂದಿತ್ತು. ದನಿ ನಿಲ್ಲಲಿಲ್ಲ. ಹೆಸರು ಹೋಯಿತು, ದನಿ ಉಳಿಯಿತು. ನಾದವೆಂದು ಕೇಳುತ್ತಿದ್ದಾಗ ಅದರ ಮಡಿಲಲ್ಲಿ ಕೂಸಿನಂತೆ ಮಲಗುತ್ತಿದ್ದವನಿಗೆ ಈಗ ನಿದ್ದೆ ಇಲ್ಲ. ಅದು ಅನ್ನ ತಿನ್ನುವಾಗ ಇತ್ತು, ಲಿಂಗಪೂಜೆಗೆ ಕೂತಾಗ ಇತ್ತು. ಪೂಜೆಯ ಅರ್ಧದಲ್ಲಿ ಏಳತೊಡಗಿದ. "ಆವಾಗ ನಾ ಅದರ ಕೂಡ ಇದ್ದೆ. ಈಗ ಅದು ನನ್ನ ಕೂಡ ಐತಿ. ಬಿಡವಲ್ದವ್ವ" ಎಂದ ಒಮ್ಮೆ.

"ಪುರಾಣ ಓದಪ್ಪಾ" ಎಂದೆ. ನನ್ನ ಆಸೆಯೂ ಅದರಲ್ಲಿ ಇತ್ತು. ಪುಸ್ತಕ ತೆಗೆದು ಎರಡು ಸಾಲು ಎತ್ತಿದ. ಸ್ವರ ಏರಿಸಿದಲ್ಲಿ ತಡವರಿಸಿ ನಿಂತ. "ನನ್ನ ದನಿ ಖಾಲಿ ಡ್ರಮ್ಮಿನೊಳಗಿಂದ ಬಂದಂಗ ಬರ್ತೈತಿ. ಮ್ಯಾಲ ಅದು ಕೊಯ್ಯಾಕತ್ತೈತಿ." ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ದೇವರ ಜಗುಲಿಯ ಮೇಲೆ ಇಟ್ಟ.

ಅವ್ವ ನನ್ನನ್ನು ಬೈಯಲಿಲ್ಲ. ಒಂದು ದಿನ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ, "ಖರೆ ಹೇಳಿದಿ, ಛಲೋ ಮಾಡಿದಿ. ಹಸದವನ ತಾಟಿನಾಗ ಕಲ್ಲು ಐತಿ ಅಂತ ಹೇಳಿ ತಾಟು ಕಸಗೊಂಡಿ. ಬ್ಯಾರೆ ಏನ್ ನೀಡ್ತಿ ಈಗ?" ಎಂದಳು.

ನೀಡಲು ನನ್ನ ಕೈಯಲ್ಲಿ ಇದ್ದದ್ದು ಕಂಪನಿಯ ಆ ಅಲೆ ಒಂದೇ. ಅದು ಎರಡು ಕಿವಿ ಇದ್ದವರಿಗೆ ಮಾತ್ರ ಹುಟ್ಟುವಂಥದ್ದು. ಗೋಪಿನಾಥರನ್ನು ಬೇಡಿಕೊಂಡೆ. ಅವರು ಎರಡು ದನಿಗಳನ್ನು ಹೊರಗೇ ಕೂಡಿಸಿ, ಅಲೆಯನ್ನು ಸಿದ್ಧ ಮಾಡಿ, ಅದಕ್ಕೆ ಜಲಪಾತದ ಭೋರ್ಗರೆತ ಬೆರೆಸಿ ಒಂದೇ ಕಿವಿಗೆ ಸಾಕಾಗುವಂತೆ ಮಾಡಿಕೊಟ್ಟರು. "ಒಳಗೆ ಹುಟ್ಟೋದು ಬೇರೆ, ಹೊರಗಿಂದ ಹಾಕೋದು ಬೇರೆ. ಆದ್ರೂ ಮುಚ್ಚಬಹುದು, ನೋಡೋಣ" ಎಂದರು. ಅಪ್ಪ ನನ್ನ ಮನಸ್ಸು ನೋಯಬಾರದೆಂದು ಮೂರು ದಿನ ಕೇಳಿದ. ನಾಲ್ಕನೆಯ ದಿನ ತೆಗೆದಿಟ್ಟ. "ಸಣ್ಣ ಸೆರಗು ಹೊದ್ದಂಗಾತು. ಕಾಲು ಮುಚ್ಚಿದ್ರ ತಲಿ ಕಾಣ್ತೈತಿ." ಇನ್ನೂ ಜೋರಾಗಿ ಇಡಲು ಡಾಕ್ಟರು ಬೇಡ ಎಂದಿದ್ದರು, ಎಡಗಿವಿಗೆ ಪೆಟ್ಟು.

ಅದಾದ ಒಂದು ವಾರಕ್ಕೆ ಅಪ್ಪನ ಮುಖ ಸ್ವಲ್ಪ ತಿಳಿಯಾಯಿತು. ಬೆಳಿಗ್ಗೆ ಎದ್ದು ಹೋಗುತ್ತಿದ್ದ, ಮಧ್ಯಾಹ್ನ ಬಂದು ಉಣ್ಣುತ್ತಿದ್ದ. ಸ್ಟೇಶನ್ನಿನ ಕಡೆ ತಿರುಗಾಡಿ ಬರುತ್ತಾನೆ ಎಂದುಕೊಂಡೆವು. ರಜೆಯ ದಿನ ಅವನ ಧೋತರ ನೆನೆಹಾಕಲು ಹೋದ ಅವ್ವ ಅದನ್ನು ನನ್ನ ಮುಂದೆ ಹಿಡಿದಳು. ಅಂಚಿನ ತುಂಬ ಕಲ್ಲಿನ ಬಿಳಿ ಪುಡಿ.

ಗಚ್ಚಿಬೌಲಿಯ ಕಡೆ ಹೊಸ ಕೆಲಸ ನಡೆದಿತ್ತು. ತಗಡಿನ ಬೇಲಿಯ ಹತ್ತಿರ ಹೋಗುತ್ತಿದ್ದಂತೆ ಬ್ರೇಕರಿನ ಸಪ್ಪಳ ಎದೆಗೆ ಬಡಿಯಿತು. ಮಲ್ಲಣ್ಣ ಕಾಕಾ ನನ್ನನ್ನು ಕಂಡು ಓಡಿ ಬಂದ. ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದ.

"ನಾ ಬ್ಯಾಡ ಅಂದೆವ್ವ! ಪಗಾರ ಬ್ಯಾಡ, ಹತ್ತು ನಿಮಿಷ ಮಶೀನ್ ಕೊಡು ಅಂದ್ರು. ಕಾಲಿಗೆ ಬೀಳಾಕ ಬಂದ್ರು. ಅಯ್ಯನೋರು ನನ್ನ ಕಾಲಿಗೆ ಬಿದ್ರ ನಾ ಯಾವ ನರಕಕ್ಕ ಹೋಗ್ಲಿ?"

ಅಪ್ಪ ಬಂಡೆಯ ಮೇಲೆ ನಿಂತಿದ್ದ. ಯಂತ್ರ ಎದೆಗೊತ್ತಿ ಇಡೀ ಮೈ ನಡುಗುತ್ತಿತ್ತು. ಮುಖ ಮಾತ್ರ ನಡುಗುತ್ತಿರಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು. ಹಣೆಯ ಗಂಟು ಬಿಚ್ಚಿತ್ತು. ಇಪ್ಪತ್ತು ದಿನದಿಂದ ನಾನು ಆ ಮುಖವನ್ನು ನೋಡಿರಲಿಲ್ಲ.

ಡೀಸೆಲ್ ಹಾಕಲು ಕಂಪ್ರೆಸರ್ ನಿಲ್ಲಿಸಿದರು. ಎಲ್ಲ ಒಮ್ಮೆಲೇ ನಿಶ್ಶಬ್ದವಾಯಿತು. ಅಪ್ಪನ ಭುಜಗಳು ಯಾರೋ ಹೊಡೆಯಲು ಕೈಯೆತ್ತಿದಂತೆ ಮೇಲೆದ್ದವು. "ಲಗೂನ ಹಚ್ಚ್ರೋ!" ಎಂದು ಕೂಗಿದ. ಆಮೇಲೆ ನನ್ನನ್ನು ಕಂಡ.

ನಾನು ಬಂಡೆ ಹತ್ತಿ ಅವನ ಎಡಕ್ಕೆ ಹೋಗಿ ನಿಂತೆ. "ಮನಿಗಿ ಹೋಗೂಣು ನಡೀಯಪ್ಪಾ."

"ಇದು ಹತ್ತಿದಾಗ ಅದು ಕೇಳಂಗಿಲ್ಲ ರೇಣೂ" ಎಂದ, ತಪ್ಪು ಒಪ್ಪಿಕೊಳ್ಳುವವನಂತೆ. "ಅದೊಂದs ಹೊತ್ತು ಕೇಳಂಗಿಲ್ಲ."

"ಕಿವ್ಯಾಗ ಬೂಚರ ಇಟ್ಗೊ."

"ಇಟ್ಗೊಂಡ್ರ ಮಶೀನ್ ಸಣ್ಣ ಆಕ್ಕೈತಿ. ಅದು ಬಂದs ಬರ್ತೈತಿ."

"ಎಡಗಿವೀನೂ ಹೋಕ್ಕೈತಪ್ಪಾ. ಡಾಕ್ಟರ್ ಒಂದು ವರ್ಷ ಅಂದಿದ್ರು. ಹಿಂಗ ಮಾಡಿದ್ರ ಅಷ್ಟೂ ಇಲ್ಲ."

ಅಪ್ಪ ನನ್ನನ್ನು ನೋಡಿದ. ಕೈಯ ಪುಡಿಯನ್ನು ಧೋತರಕ್ಕೆ ಒರೆಸಿ ನನ್ನ ತಲೆ ಮುಟ್ಟಿದ. "ಅಲ್ಲೀತನ ದಿನಾ ಸಂಜೀಕ ನನ್ನ ಕೂಡ ಮಾತಾಡು. ನೀ ಏನರ ಹೇಳು, ಕೇಳ್ತೀನಿ. ಈಗ ಹೋಗು. ಬಿಸಲು ಐತಿ."

ಕಂಪ್ರೆಸರ್ ಹೊತ್ತಿಕೊಂಡಿತು. ಅಪ್ಪ ಬಗ್ಗಿ ಯಂತ್ರ ಎತ್ತಿಕೊಂಡ. ನಾನು ಕೆಳಗೆ ಇಳಿದಾಗ ಮಲ್ಲಣ್ಣ ಕಾಕಾ ಗಾಳಿಯ ಕೊಳವೆ ಮುಚ್ಚುವ ಕೀಲಿಯ ಮೇಲೆ ಕೈಯಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ. "ಹೂಂ ಅನ್ನವ್ವ, ಬಂದ್ ಮಾಡ್ತೀನಿ. ನನಗ ಬೈದ್ರ ಬೈಲಿ."

ಬಂಡೆಯ ಮೇಲೆ ಅಪ್ಪನ ಹಣೆಯ ಗಂಟು ಮತ್ತೆ ಬಿಚ್ಚುತ್ತಿತ್ತು.

ನಾನು ಕಾಕಾನ ಕೈ ಹಿಡಿದು ಕೀಲಿಯಿಂದ ತೆಗೆದೆ.